ಬೇಸರ ಬಂದಾಗ ಏನು ಮಾಡುವುದು?

(ಬ್ಲಾಕಿನ ಹಳ್ಳಿಯೊಂದರ ಶಾಲೆಯಲ್ಲಿ, ಆಟಿ ತಿಂಗಳ ಒಂದು ಸಂಜೆ ಸೇರಿದ ರೈತರ ಮತ್ತು ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ.)



ಈ ಮಳೆಯಲ್ಲಿ ಕೊಡೆ ಹಿಡಿದು, ಕೆಸರು ತುಳಿದು ಇಷ್ಟು ಮಂದಿ ಬಂದಿದ್ದೀರಿ. ಸಂತೋಷ. ಇಂತಹ ಸಭೆಗಳಲ್ಲಿ ಗೊಬ್ಬರದ ವಿಷಯ, ಮದ್ದಿನ ವಿಷಯ, ಸಾಲದ ವಿಷಯ ಮಾತನಾಡುವುದು ರೂಢಿ. ನನಗೆ ಹೇಳಲು ಕೊಟ್ಟ ವಿಷಯ ಮನಸ್ಸಿನದು. ಕೇಳಿದ ಕೂಡಲೇ ಹಿಂದಿನ ಬೆಂಚಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು, ನಾನು ಕಂಡೆ. ‘ಮನಸ್ಸಿನ ವಿಷಯಕ್ಕೆ ಸಭೆ ಎಂತಕ್ಕೆ ಮಾರಾಯ್ರೇ, ಅಡಿಕೆಗೆ ಧಾರಣೆ ಬಂದರೆ ಮನಸ್ಸು ತಾನಾಗಿಯೇ ಸರಿಯಾಗುತ್ತದೆ’ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಆ ಮಾತಿನಲ್ಲಿ ಅರ್ಧ ಸತ್ಯವುಂಟು. ಉಳಿದ ಅರ್ಧಕ್ಕಾಗಿ ನಾನು ಇಲ್ಲಿ ನಿಂತಿದ್ದೇನೆ.

ನಾನು ವೈದ್ಯನಲ್ಲ. ನಿಮ್ಮ ಹಾಗೆ ತೋಟ ಮಾಡಿಕೊಂಡು ಇರುವವನು. ಓದಿ, ತಿಳಿದವರಲ್ಲಿ ಕೇಳಿ, ನಾಲ್ಕು ಮನೆಗಳಲ್ಲಿ ಕಣ್ಣಾರೆ ಕಂಡು ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮೊದಲು ಈ ತಿಂಗಳ ಮಾತು. ಆಟಿ ಎಂದರೆ ನಮ್ಮ ಹಿರಿಯರಿಗೆ ಕಷ್ಟದ ತಿಂಗಳು. ಅಕ್ಕಿ ಮುಡಿ ಬರಿದಾಗುವ ಕಾಲ, ಹೊರಗೆ ಕೆಲಸವಿಲ್ಲ, ಹಳ್ಳ ದಾಟಲಾಗುವುದಿಲ್ಲ. ಕೆಸುವಿನ ಎಲೆ, ತಗಟೆ ಸೊಪ್ಪು, ಕಣಿಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಇವುಗಳಲ್ಲಿ ದಿನ ದೂಡಬೇಕಾಗಿತ್ತು. ಈಗ ಹೊಟ್ಟೆಯ ಆಟಿ ಬಹುಮಟ್ಟಿಗೆ ಹೋಗಿದೆ. ಪತ್ರೊಡೆಯನ್ನು ನಾವು ಈಗ ಹಬ್ಬದ ತಿಂಡಿಯಂತೆ ಸಭೆಯಲ್ಲಿಟ್ಟು ತಿನ್ನುತ್ತೇವೆ. ಮನಸ್ಸಿನ ಆಟಿ ಮಾತ್ರ ಹೋಗಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಪುತ್ತೂರು, ಸುಳ್ಯ, ಕಡಬದ ಯಾವ ಮನೆಯ ಜಗಲಿಯಲ್ಲಿಯೂ ಅದನ್ನು ಕಾಣಬಹುದು.

ಹೇಗೆ ಬರುತ್ತದೆ ಎಂಬುದನ್ನು ನೋಡೋಣ. ಮಳೆಗಾಲ ಹಿಡಿಯುವ ಮೊದಲು ಅಡಿಕೆಗೆ ಒಂದು ಸಲ ಬೋರ್ಡೋ ಬಿಟ್ಟಾಯಿತು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇದು ನಿಮಗೆ ಬಾಯಿಪಾಠ. ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ ಬರಬೇಕು. ಆ ಹೊತ್ತಿಗೆ ಮಳೆ ಬಿಡುವುದಿಲ್ಲ. ಬಿಟ್ಟ ಒಂದು ದಿನ ಮರ ಹತ್ತುವವರು ಬೇರೆ ತೋಟದಲ್ಲಿರುತ್ತಾರೆ. ಅವರು ಬಂದ ದಿನ ಮತ್ತೆ ಮಳೆ. ಬೆಳಗ್ಗೆ ಎದ್ದು ತೋಟಕ್ಕೆ ಇಳಿದರೆ ಬುಡದಲ್ಲಿ ಎಳೆ ಕಾಯಿ ಉದುರಿ ಬಿದ್ದಿರುತ್ತದೆ, ಬಿಳಿ ಬೂಸಲು ಕಟ್ಟಿರುತ್ತದೆ. ಕೈಯಲ್ಲಿ ಮದ್ದುಂಟು, ಬಿಡಲು ದಾರಿಯಿಲ್ಲ. ನಷ್ಟಕ್ಕಿಂತಲೂ ಈ ‘ನನ್ನ ಕೈಯಲ್ಲಿ ಏನೂ ಇಲ್ಲ’ ಎಂಬುದೇ ಮನುಷ್ಯನನ್ನು ಹೆಚ್ಚು ಕುಗ್ಗಿಸುವುದು. ಮಹಾಳಿ ಕಾಯಿಗೆ ಮಾತ್ರ ಹಿಡಿಯುವುದಲ್ಲ.

ಇದರ ಜೊತೆಗೆ ಬೇರೆ ಸಣ್ಣ ಸಣ್ಣ ಸಂಗತಿಗಳು ಸೇರುತ್ತವೆ. ಸೂರ್ಯನ ಮುಖ ಕಾಣುವುದಿಲ್ಲ. ನಮ್ಮ ಶರೀರದೊಳಗೆ ಒಂದು ಗಡಿಯಾರವುಂಟು. ಅದಕ್ಕೆ ಬೆಳಗಿನ ಬೆಳಕೇ ಕೀಲಿ. ಮಾಡಿನ ಕೆಳಗೆ, ಮಬ್ಬು ಕೋಣೆಯಲ್ಲಿ ದಿನವಿಡೀ ಕುಳಿತರೆ ಆ ಗಡಿಯಾರ ಹಿಂದೆ ಮುಂದೆ ಆಗುತ್ತದೆ. ಹಗಲು ತೂಕಡಿಕೆ, ರಾತ್ರಿ ಎಚ್ಚರ. ಬಟ್ಟೆ ಒಣಗುವುದಿಲ್ಲ, ಒದ್ದೆ ವಾಸನೆ. ಕರೆಂಟು ಹೋಗಿ ಎರಡು ದಿನ. ಮಕ್ಕಳು ಬೆಂಗಳೂರಿನಲ್ಲಿ, ಫೋನಿಗೆ ನೆಟ್ವರ್ಕ್ ಸಿಗಬೇಕಾದರೆ ಗುಡ್ಡೆಯ ಮೇಲೆ ಹೋಗಬೇಕು. ಮನೆಯಲ್ಲಿ ಇರುವವರು ಇಬ್ಬರೇ, ಅರುವತ್ತು ದಾಟಿದವರು. ಅವರಿಗೆ ಪರಸ್ಪರ ಹೇಳಲು ಹೊಸತೇನೂ ಉಳಿದಿಲ್ಲ. ಇವು ಒಂದೊಂದೂ ಅಲ್ಪ. ಎಲ್ಲ ಒಟ್ಟಾದಾಗ ಅಲ್ಪವಲ್ಲ.

ನಮ್ಮೂರಿನ ಒಬ್ಬ ಹಿರಿಯರ ಕತೆ ಹೇಳುತ್ತೇನೆ, ಹೆಸರು ಬೇಡ. 2013ರ ಮಳೆಗಾಲ ನಿಮಗೆ ನೆನಪಿರಬಹುದು. ಕೊಳೆರೋಗ ಜಿಲ್ಲೆಯ ತೋಟಗಳನ್ನು ನುಂಗಿದ ವರ್ಷ. ಆ ವರ್ಷ ಇವರ ಫಸಲಿನಲ್ಲಿ ಮುಕ್ಕಾಲು ಹೋಯಿತು. ಮೊದಲು ಬೈದರು, ಆಮೇಲೆ ಸುಮ್ಮನಾದರು. ಆ ಸುಮ್ಮನಾದದ್ದನ್ನು ಮನೆಯವರು ‘ಸಮಾಧಾನವಾಯಿತು’ ಎಂದು ತಿಳಿದರು. ಅಲ್ಲ. ಅವರು ಜಗಲಿಯ ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ. ತೋಟಕ್ಕೆ ಹೋಗುವುದಿಲ್ಲ, ಸೊಸೈಟಿಗೆ ಹೋಗುವುದಿಲ್ಲ, ತಾಳಮದ್ದಳೆ ಎಂದರೆ ಪ್ರಾಣ ಬಿಡುತ್ತಿದ್ದವರು ಪಕ್ಕದ ಮನೆಯ ಕೂಟಕ್ಕೂ ಹೋಗಲಿಲ್ಲ. ಯಾರಾದರೂ ಕೇಳಿದರೆ ‘ಮನಸ್ಸಿಲ್ಲ, ಮನಸ್ಸು ಬಂದಾಗ ಹೋಗುವ’ ಎನ್ನುವರು. ಮಗ ಉಪದೇಶ ಮಾಡಿದ: ಧೈರ್ಯ ಮಾಡಿ, ಎಲ್ಲರಿಗೂ ಆದದ್ದು ನಮಗೂ ಆಗಿದೆ. ನೆಂಟರು ಬಂದು ಉಪದೇಶ ಮಾಡಿದರು. ಉಪದೇಶ ಹೆಚ್ಚಿದಂತೆ ಅವರು ಇನ್ನಷ್ಟು ಒಳಗೆ ಹೋದರು.

ಉಪದೇಶ ಮಾಡದವಳು ಸೊಸೆ. ಒಂದು ದಿನ ಬಸಳೆ ಚಪ್ಪರ ಗಾಳಿಗೆ ವಾಲಿತು. ಆಕೆ ಮಾವನ ಎದುರಿಗೇ ಸಲಾಕೆ ಕಟ್ಟಲು ಹೋಗಿ, ಬಳ್ಳಿಯನ್ನು ಅಡ್ಡಾದಿಡ್ಡಿ ಸುತ್ತಿದಳು. ಬೇಕೆಂದೇ ಹಾಗೆ ಮಾಡಿದಳೋ, ಬಾರದೆ ಮಾಡಿದಳೋ, ನಾನು ಕೇಳಲಿಲ್ಲ. ಅವರು ಹತ್ತು ನಿಮಿಷ ನೋಡಿ, ತಾಳಲಾರದೆ, ‘ಹಾಗಲ್ಲ ಮಗಳೇ, ಈಚೆ ಕೊಡು’ ಎಂದು ಮುಟ್ಟಾಳೆ ಇಟ್ಟುಕೊಂಡು ಇಳಿದರು. ಅರ್ಧ ಗಂಟೆ ಮಳೆಯಲ್ಲಿ ನಿಂತು ಚಪ್ಪರ ಕಟ್ಟಿದರು. ಬಿಸಿನೀರು ಮಿಂದು ಗಂಜಿ ಉಂಡರು. ಅಂದು ರಾತ್ರಿ ನಿದ್ರೆ ಬಂತು. ಮರುದಿನ ಆಕೆ ದನದ ಹಗ್ಗ ಹೊಸೆದು ಕೊಡಿ ಎಂದಳು. ಅದರ ಮರುದಿನ ಮೊಮ್ಮಗನನ್ನು ಬಸ್ಸಿನವರೆಗೆ ಬಿಟ್ಟುಬರಲು ಕಳುಹಿಸಿದಳು. ಹೀಗೆ ಸುಮಾರು ಎರಡು ತಿಂಗಳು. ದೀಪಾವಳಿಯ ಹೊತ್ತಿಗೆ ಅವರು ತೋಟದಲ್ಲಿ ನಿಂತು ಆಳುಗಳಿಗೆ ಬೈಯುವಷ್ಟು ಗುಣಮುಖರಾಗಿದ್ದರು.

ನಾವು ಇದನ್ನು ನೋಡಿ, ಸೊಸೆ ಜಾಣೆ ಎಂದು ಹೇಳಿ ಬಿಟ್ಟೆವು. ಆಮೇಲೆ ತಿಳಿದು ನನಗೆ ಆಶ್ಚರ್ಯವಾಯಿತು: ಆಕೆ ಮಾಡಿದ ಕೆಲಸಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವುಂಟು. ನಮ್ಮ ಕಡಲತೀರದ ಮೇಲೆಯೇ ಇರುವ ಗೋವೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯಿದ್ದ ಸುಮಾರು 500 ಮಂದಿಯ ಮೇಲೆ ಒಂದು ಪರೀಕ್ಷೆ ನಡೆಯಿತು. ಅರ್ಧ ಮಂದಿಗೆ ಮಾಮೂಲಿನ ಆರೈಕೆ. ಉಳಿದ ಅರ್ಧಕ್ಕೆ ಅದರೊಂದಿಗೆ, ವೈದ್ಯರಲ್ಲದ, ತರಬೇತಿ ಪಡೆದ ಊರಿನವರೇ ಆರೆಂಟು ಸಲ ಕುಳಿತು ಮಾತನಾಡಿದರು. ಮಾತಿನ ತಿರುಳು ಇದೇ: ಮನಸ್ಸು ಸರಿಯಾಗುವವರೆಗೆ ಕಾಯಬೇಡಿ, ಬಿಟ್ಟುಬಿಟ್ಟ ಕೆಲಸಗಳಲ್ಲಿ ಚಿಕ್ಕದೊಂದನ್ನು ಹಿಡಿದುಕೊಳ್ಳಿ, ಇಂತಹ ದಿನ ಇಂತಹ ಹೊತ್ತಿಗೆ ಎಂದು ಗೊತ್ತುಮಾಡಿ, ಮಾಡಿ ನೋಡಿ, ಮನಸ್ಸು ಹಿಂದಿನಿಂದ ಬರುತ್ತದೆ. ಮೂರು ತಿಂಗಳಾದ ಮೇಲೆ ನೋಡಿದರೆ, ಹೀಗೆ ಮಾಡಿದವರಲ್ಲಿ ಗುಣವಾದವರ ಸಂಖ್ಯೆ ಮತ್ತೊಂದು ಗುಂಪಿಗಿಂತ ಎದ್ದು ಕಾಣುವಷ್ಟು ಹೆಚ್ಚು. ಇದು ಪ್ರಕಟವಾದದ್ದು 2017ರಲ್ಲಿ.

ನಾವು ಎತ್ತನ್ನು ಹಿಂದೆ ಕಟ್ಟಿ ಗಾಡಿಯನ್ನು ಮುಂದೆ ಇಟ್ಟಿದ್ದೇವೆ. ‘ಉತ್ಸಾಹ ಬಂದರೆ ಕೆಲಸ ಮಾಡುವ’ ಎನ್ನುತ್ತೇವೆ. ಕುಗ್ಗಿದ ಮನಸ್ಸಿಗೆ ಉತ್ಸಾಹ ತಾನಾಗಿ ಬರುವುದಿಲ್ಲ. ಕೈ ಕಾಲು ಆಡಿದರೆ, ಒಂದು ಸಣ್ಣ ಕೆಲಸ ಮುಗಿಯಿತೆಂದು ಕಣ್ಣಿಗೆ ಕಂಡರೆ, ಬರುತ್ತದೆ. ಮುಗಿಯುವ ಕೆಲಸ ಎಂಬುದನ್ನು ಗಮನಿಸಿ. ತೋಟದ ಕೆಲಸ ಎಂದೂ ಮುಗಿಯುವುದಲ್ಲ. ಅದನ್ನು ನೋಡಿದರೆ ಬೇಸರ ಇಮ್ಮಡಿ. ಕತ್ತಿ ಮಸೆಯುವುದು, ಬಚ್ಚಲು ಒಲೆಯ ಬೂದಿ ತೆಗೆಯುವುದು, ಒಂದು ಹಾಳೆಯ ಮುಟ್ಟಾಳೆ ಮಾಡುವುದು, ಹತ್ತು ಕರಿಮೆಣಸಿನ ಬಳ್ಳಿ ಕಟ್ಟುವುದು: ಇವು ಮುಗಿಯುವ ಕೆಲಸಗಳು.

ಇನ್ನು ನಿದ್ರೆ. ಇದಕ್ಕೆ ನಾನೇ ಸಾಕ್ಷಿ. ನಮ್ಮ ಸುಳ್ಯ, ಕಡಬದ ಕಾಡಂಚಿನ ಗ್ರಾಮಗಳಲ್ಲಿ ಆನೆಯ ಕಾಟ ನಿಮಗೆ ಹೊಸತಲ್ಲ. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಬೆಳಗ್ಗೆ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟ ಹೆಣ್ಣುಮಗಳೂ, ಆಕೆಯ ಕೂಗು ಕೇಳಿ ಓಡಿ ಬಂದವರೊಬ್ಬರೂ ಆನೆಯಿಂದ ತೀರಿಕೊಂಡರು. ಆಮೇಲೆ ಎಷ್ಟು ಮನೆಗಳಲ್ಲಿ ರಾತ್ರಿ ಸರಿಯಾಗಿ ಕಣ್ಣು ಮುಚ್ಚಲಿಲ್ಲ! ಒಂದು ವರ್ಷ ನಾವೂ ಬಾಳೆ ಕಾಯಲು ಸರದಿಯ ಮೇಲೆ ಎಚ್ಚರವಿದ್ದೆವು. ಹತ್ತು ದಿನ ಕಳೆಯುವುದರೊಳಗೆ ನಾನು ಬೇರೆ ಮನುಷ್ಯನಾದೆ. ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ಲೋಟ ಎಸೆದೆ. ಹೆಂಡತಿ ಏನೂ ಹೇಳಲಿಲ್ಲ, ಲೋಟ ಹೆಕ್ಕಿ ಒಳಗಿಟ್ಟಳು. ಅದು ನನಗೆ ಈಗಲೂ ಚುಚ್ಚುತ್ತದೆ. ನಾನು ಆಗ ತಿಳಿದದ್ದು ನನಗೆ ಆನೆಯ ಮೇಲೆ ಸಿಟ್ಟು, ಇಲಾಖೆಯ ಮೇಲೆ ಸಿಟ್ಟು, ಕಾಫಿಯ ಮೇಲೆ ಸಿಟ್ಟು ಎಂದು. ನಿಜವಾಗಿ ನನಗೆ ಬೇಕಾಗಿದ್ದುದು ಎಂಟು ಗಂಟೆ ನಿದ್ರೆ. ನೆರೆಯ ನಾಲ್ಕು ಮನೆಯವರು ಸೇರಿ ಸರದಿಯನ್ನು ವಾರಕ್ಕೆ ಎರಡು ರಾತ್ರಿಗೆ ಇಳಿಸಿದೆವು. ಆನೆ ಬರುವುದು ನಿಲ್ಲಲಿಲ್ಲ. ನಾನು ಲೋಟ ಎಸೆಯುವುದು ನಿಂತಿತು.

ಆದ್ದರಿಂದ ನನ್ನ ಒಂದು ಸಲಹೆ. ಮನೆಯಲ್ಲಿ ಯಾರಾದರೂ ಕಾರಣವಿಲ್ಲದೆ ಸಿಡುಕುತ್ತಿದ್ದರೆ, ಜಗಳಕ್ಕೆ ಮುಂಚೆ ನಿನ್ನೆ ರಾತ್ರಿ ನಿದ್ರೆಯಾಯಿತೇ, ಹೊಟ್ಟೆಗೆ ಏನಾದರೂ ಬಿತ್ತೇ ಎಂದು ಕೇಳಿ ನೋಡಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ನಿದ್ರೆಗಾಗಿ ಕುಡಿಯುವವರ ಬಗೆಗೂ ಒಂದು ಮಾತು. ಮಳೆಯ ಚಳಿಗೆ ಸ್ವಲ್ಪ ಒಳ್ಳೆಯದು, ಮೈಕೈ ನೋವಿಗೆ ಒಳ್ಳೆಯದು ಎಂಬುದು ನಮ್ಮಲ್ಲಿ ಹಳೆಯ ನೆಪ. ಹೆಂಡ ಸಾರಾಯಿಗಳು ಬೇಗ ಮಲಗಿಸುತ್ತವೆ, ಅದು ಸುಳ್ಳಲ್ಲ. ಆದರೆ ರಾತ್ರಿಯ ಉತ್ತರಾರ್ಧದ ನಿದ್ರೆಯನ್ನು ಕೆಡಿಸುತ್ತವೆ. ಮೂರು ಗಂಟೆಗೆ ಎಚ್ಚರ, ಎದೆ ಡವಡವ, ಸಾಲದ ಲೆಕ್ಕ ಕಣ್ಣ ಮುಂದೆ. ಆ ಮೂರು ಗಂಟೆಯ ಲೆಕ್ಕ ಯಾವಾಗಲೂ ತಪ್ಪಾಗಿರುತ್ತದೆ ಮಹನೀಯರೇ. ಹಗಲು ಎರಡು ಸಾವಿರವಿದ್ದದ್ದು ಆಗ ಎರಡು ಲಕ್ಷವಾಗಿ ಕಾಣುತ್ತದೆ. ಬೆಳಗ್ಗೆ ಮಂಕು, ಸಂಜೆ ಮತ್ತೆ ಅದೇ ಬಾಟಲಿ. ಎಲೆ ಅಡಿಕೆಯ ವಿಷಯ ಹೇಳಲು ನನಗೆ ಸಂಕೋಚ. ನಮ್ಮ ಅನ್ನ ಅದರಿಂದಲೇ. ಅದರಲ್ಲಿರುವ ಅರೆಕೋಲಿನ್ ಎಂಬ ಸತ್ವ ಮೈಯನ್ನು ಸ್ವಲ್ಪ ಬೆಚ್ಚಗೆ ಮಾಡಿ, ಚುರುಕುಗೊಳಿಸುವುದು ನಿಜ. ಹೊಗೆಸೊಪ್ಪು ಸೇರಿಸಿಯೂ, ಸೇರಿಸದೆಯೂ ದಿನವಿಡೀ ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿರುವುದೂ ನಿಜ. ಬೆಳೆಗಾರನಾಗಿ ನನಗೆ ಈ ಮಾತು ರುಚಿಸುವುದಿಲ್ಲ, ಆದರೂ ಬೇಸರ ಕಳೆಯಲೆಂದು ಬಾಯಿ ತುಂಬಿಸಿಕೊಳ್ಳುವ ಹುಡುಗರಿಗೆ ಇದನ್ನು ಮುಚ್ಚಿಡುವುದು ಸರಿಯಲ್ಲ.

ಧಾರಣೆಯ ವಿಷಯಕ್ಕೆ ಬರುತ್ತೇನೆ. ಹಿಂದೆ ವಾರಕ್ಕೊಮ್ಮೆ ಪೇಟೆಗೆ ಹೋದಾಗ ಧಾರಣೆ ತಿಳಿಯುತ್ತಿತ್ತು. ಈಗ ಅಂಗೈಯಲ್ಲಿಯೇ ಬರುತ್ತದೆ. ಹೊಸತು ಇಷ್ಟು, ಹಳತು ಇಷ್ಟು, ಪಟೋರ ಇಷ್ಟು, ಕರಿಗೋಟು ಇಷ್ಟು. ಬೆಳಗ್ಗೆ ಒಮ್ಮೆ, ಊಟಕ್ಕೆ ಕುಳಿತಾಗ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಐದು ರೂಪಾಯಿ ಇಳಿದರೆ ಊಟ ಸೇರುವುದಿಲ್ಲ. ವಿಚಿತ್ರವೆಂದರೆ ಐದು ರೂಪಾಯಿ ಏರಿದರೂ ಸಮಾಧಾನವಿಲ್ಲ, ನಿನ್ನೆ ಮಾರಿದವನಿಗೆ ಹೊಟ್ಟೆ ಉರಿ. ಮಾರುವ ದಿನವಲ್ಲದಿದ್ದರೆ ಧಾರಣೆ ನೋಡಿ ಆಗಬೇಕಾದ್ದು ಏನು? ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಂಡವರನ್ನು ನಾನು ಬಲ್ಲೆ. ಅವರಿಗೆ ಸಿಕ್ಕಿದ ಬೆಲೆ ಉಳಿದವರದ್ದಕ್ಕಿಂತ ಕಡಿಮೆಯೇನೂ ಆಗಿಲ್ಲ.

ಸುದ್ದಿ ಹೇಗೆ ಹೆದರಿಸುತ್ತದೆ ಎಂಬುದನ್ನು ಸುಳ್ಯದವರು 2022ರಲ್ಲಿ ಕಂಡರು. ಜೂನ್ ತಿಂಗಳ ಕೊನೆಯ ವಾರ ಸಂಪಾಜೆ, ಅರಂತೋಡು, ಗೂನಡ್ಕ, ಅತ್ತ ಚೆಂಬು ಕಡೆಗಳಲ್ಲಿ ನೆಲ ನಡುಗಿತು. ಪಾತ್ರೆ ಅಲ್ಲಾಡಿತು, ಗೋಡೆ ಬಿರಿಯಿತು. ಅದರಲ್ಲಿ ದೊಡ್ಡದು ರಿಕ್ಟರ್ ಮಾಪಕದಲ್ಲಿ ಸುಮಾರು 3. ಅಂಥದ್ದರಿಂದ ದೊಡ್ಡ ಹಾನಿ ಆಗುವುದಿಲ್ಲ ಎಂದು ತಿಳಿದವರು ಹೇಳಿದರು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದದ್ದನ್ನು ಕಂಡು, ಉಟ್ಟ ಬಟ್ಟೆಯಲ್ಲಿ ಇಳಿದು ಬಂದವರಿಗೆ ನಮ್ಮ ಅರಂತೋಡು, ಕಲ್ಲುಗುಂಡಿಯವರೇ ಆಶ್ರಯ ಕೊಟ್ಟು ಗಂಜಿ ಬಡಿಸಿದ್ದರು. ಹಾಗಾಗಿ ಹೆದರಿಕೆ ಸಹಜ. ಆದರೆ ನೆಲ ಒಮ್ಮೆ ನಡುಗಿದರೆ ಫೋನು ಹತ್ತು ಸಲ ನಡುಗಿತು. ಇವತ್ತು ರಾತ್ರಿ ಮತ್ತೆ ಬರುತ್ತದೆ, ಗುಡ್ಡ ಬಾಯಿ ಬಿಡುತ್ತದೆ, ಹೀಗೆಲ್ಲ. ಯಾರು ಬರೆದದ್ದೋ ದೇವರಿಗೆ ಗೊತ್ತು. ಆ ವಾರ ಮನೆಯ ಹೊರಗೆ, ನೆರೆಯವರೊಂದಿಗೆ ಕುಳಿತು ಮಾತನಾಡಿದವರಿಗೆ ಹೆದರಿಕೆ ಬೇಗ ಇಳಿಯಿತು. ಒಳಗೆ ಒಬ್ಬರೇ ಕುಳಿತು ಫೋನು ನೋಡಿದವರಿಗೆ ತಿಂಗಳಾದರೂ ಇಳಿಯಲಿಲ್ಲ.

ಜನರ ಒಡನಾಟ ಎಂಬುದು ಅಷ್ಟು ದೊಡ್ಡ ಮದ್ದು. ಹೆಂಗಸರ ವಿಷಯದಲ್ಲಿ ಇದನ್ನು ನಾವು ಗಂಡಸರು ಗಮನಿಸುವುದೇ ಇಲ್ಲ. ಗಂಡಸಿಗೆ ಸೊಸೈಟಿಯುಂಟು, ಹೋಟೆಲುಂಟು, ಅಂಗಡಿಯ ಬೆಂಚುಂಟು. ಸೊಸೆಗೆ ಏನುಂಟು? ಒಂದು ಮನೆಯಲ್ಲಿ ಹೆಣ್ಣುಮಗಳೊಬ್ಬಳು ದಿನವೂ ಬೆಳಗ್ಗೆ ಕ್ಯಾನು ಹಿಡಿದು ಒಂದು ಮೈಲಿ ನಡೆದು ಹಾಲು ಹಾಕಿ ಬರುತ್ತಿದ್ದಳು. ಮನೆಯವರಿಗೆ ಕನಿಕರವಾಗಿ, ಪಾಪ ಏಕೆ ನಡೆಯುವುದು ಎಂದು ಮಗನ ಬೈಕಿನಲ್ಲಿ ಹಾಲು ಕಳುಹಿಸಲು ಆರಂಭಿಸಿದರು. ಮೂರು ತಿಂಗಳಲ್ಲಿ ಆಕೆಗೆ ತಲೆನೋವು, ಬೆನ್ನುನೋವು, ಹಸಿವಿಲ್ಲ, ಅಳು. ಆ ಒಂದು ಮೈಲಿ ಆಕೆಗೆ ಬೆಳಗಿನ ಬೆಳಕಾಗಿತ್ತು, ನಡಿಗೆಯಾಗಿತ್ತು, ದಾರಿಯಲ್ಲಿ ಸಿಗುವ ಮೂವರು ಗೆಳತಿಯರಾಗಿತ್ತು. ಒಳ್ಳೆಯ ಮನಸ್ಸಿನಿಂದಲೇ ಅದನ್ನು ಕಿತ್ತುಕೊಂಡಿದ್ದರು. ಸ್ವಸಹಾಯ ಸಂಘದ ವಾರದ ಸಭೆಯೂ ಹಾಗೆಯೇ. ಕಂತಿನ ಲೆಕ್ಕಕ್ಕಿಂತ ಆ ಒಂದು ಗಂಟೆಯ ಮಾತು ಬೆಲೆಯುಳ್ಳದ್ದು. ಕಂತೇ ಹೊರೆಯಾಗಿ ಸಭೆಗೆ ಹೋಗಲು ಮುಖವಿಲ್ಲದಂತಾದರೆ ಮಾತ್ರ ಮದ್ದೇ ವಿಷವಾಗುತ್ತದೆ, ಅಲ್ಲಿ ಸಂಘದವರು ಎಚ್ಚರದಿಂದಿರಬೇಕು.

ಹೆಂಗಸರಿಗೆ ಇನ್ನೊಂದು. ಸದಾ ಆಯಾಸ, ಬೇಸರ ಎಂದರೆ ಕೂಡಲೇ ಮನಸ್ಸಿನ ಕಾಯಿಲೆ ಎಂದು ತಿಳಿಯಬೇಡಿ. ರಕ್ತಹೀನತೆಯಿಂದಲೂ, ಥೈರಾಯಿಡ್ ಗ್ರಂಥಿ ನಿಧಾನವಾಗುವುದರಿಂದಲೂ ಹಾಗಾಗುತ್ತದೆ. ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಬಾಣಂತಿ ಸುಮ್ಮನೆ ಅಳುತ್ತಿದ್ದರೆ, ಮಗುವನ್ನು ನೋಡಲು ಮನಸ್ಸಿಲ್ಲದಿದ್ದರೆ, ಅದನ್ನು ಸೊಕ್ಕು ಎಂದು ಬೈಯಬೇಡಿ. ಎರಡು ವಾರದ ಮೇಲೂ ಹಾಗೆಯೇ ಇದ್ದರೆ ವೈದ್ಯರಿಗೆ ತೋರಿಸಿ.

ಆರೈಕೆ ಮಾಡುವವರನ್ನೂ ನಾವು ಮರೆಯುತ್ತೇವೆ. ನಮ್ಮ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಫಲವನ್ನು ಎಷ್ಟೋ ಮನೆಗಳು ಇಂದಿಗೂ ಅನುಭವಿಸುತ್ತಿವೆ. ಆ ಮದ್ದನ್ನು ಸುಪ್ರೀಂ ಕೋರ್ಟು 2011ರಲ್ಲಿ ನಿಷೇಧಿಸಿತು; ಮಲಗಿದಲ್ಲೇ ಇರುವ ಮಗುವಿನ ತಾಯಿಗೆ ಅದರಿಂದ ಒಂದು ಗಂಟೆಯ ಬಿಡುವೂ ಸಿಗಲಿಲ್ಲ. ಕೊಕ್ಕಡದಲ್ಲಿ, ಕೊಯಿಲದಲ್ಲಿ ಹಗಲಿನ ಪಾಲನಾ ಕೇಂದ್ರಗಳು ತೆರೆದಾಗ ಲಾಭವಾದದ್ದು ಮಕ್ಕಳಿಗೆ ಮಾತ್ರವಲ್ಲ. ಹಗಲಲ್ಲಿ ನಾಲ್ಕು ಗಂಟೆ ಕೈ ಖಾಲಿಯಾದ ತಾಯಿ ಸಂತೆಗೆ ಹೋಗಿ ಬರಬಹುದು, ಮದುವೆ ಮನೆಗೆ ಹೋಗಿ ಬರಬಹುದು, ಸುಮ್ಮನೆ ಮಲಗಬಹುದು. ನಿಮ್ಮ ನೆರೆಯಲ್ಲಿ ಹಾಸಿಗೆ ಹಿಡಿದ ಹಿರಿಯರೋ, ಇಂತಹ ಮಗುವೋ ಇದ್ದರೆ ವಾರಕ್ಕೆ ಎರಡು ಗಂಟೆ ನೀವು ಹೋಗಿ ಕುಳಿತುಕೊಳ್ಳಿ. ಹಣ್ಣು ಹಂಪಲು ಒಯ್ಯುವುದಕ್ಕಿಂತ ಅದು ದೊಡ್ಡ ಉಪಕಾರ.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲ ಬೇಸರಕ್ಕೂ ಬಸಳೆ ಚಪ್ಪರವೇ ಮದ್ದು ಎಂದು ನಾನು ಹೇಳಿದರೆ ಅದು ಮೋಸವಾಗುತ್ತದೆ. ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆ ರೋಗ ಹಿಡಿದ ತೋಟಗಳನ್ನು ನೋಡಿ ಬಂದವರಿಗೆ ಗೊತ್ತು. ಅಜ್ಜ ನೆಟ್ಟ ಮರ, ವರ್ಷ ವರ್ಷ ಹಳದಿಯಾಗಿ, ಸುಳಿ ಸಣ್ಣದಾಗಿ, ಫಸಲು ಇಲ್ಲದಂತಾಗುತ್ತದೆ. ಅದಕ್ಕೆ ಗುಣಪಡಿಸುವ ಮದ್ದು ಇನ್ನೂ ಕಂಡುಹಿಡಿದಿಲ್ಲ. ಅಲ್ಲಿಯ ಕೃಷಿಕನಿಗೆ ಆಗುವುದು ಬೇಸರವಲ್ಲ, ದುಃಖ, ಅದಕ್ಕೆ ಕಾರಣವುಂಟು. ಅವನಿಗೆ ‘ಖುಷಿಯಾಗಿರಿ’ ಎನ್ನುವುದು ಅವಮಾನ. ಅಂತಹ ಕಷ್ಟ ಒಬ್ಬನ ಮನಸ್ಸಿನಿಂದ ಬಗೆಹರಿಯುವುದಲ್ಲ, ಹತ್ತು ಮಂದಿ ಸೇರಬೇಕು. ನಮ್ಮಲ್ಲಿ ಅದಕ್ಕೆ ಉದಾಹರಣೆ ಉಂಟು. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರ ದಿಕ್ಕೆಟ್ಟು ನಿಂತಾಗ, ವಾರಣಾಶಿ ಸುಬ್ರಾಯ ಭಟ್ಟರು ಮತ್ತು ಅವರಂತಹ ಹಿರಿಯರು ಊರೂರು ತಿರುಗಿ, ಕರ್ನಾಟಕ ಕೇರಳ ಎರಡೂ ಕಡೆಯವರನ್ನು ಸೇರಿಸಿ 1973ರ ಜುಲೈಯಲ್ಲಿ ಕ್ಯಾಂಪ್ಕೋ ಕಟ್ಟಿದರು. ಆ ದಶಕದ ಕೊನೆಗೆ ಕೊಕ್ಕೋ ಬೀಜವನ್ನು ಕೇಳುವವರಿಲ್ಲದಾದಾಗ ಅದೇ ಸಂಸ್ಥೆ ಕೊಳ್ಳಲು ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯೇ ಎದ್ದಿತು. ಆ ಕಾಲದ ಬೆಳೆಗಾರರು ಹೇಳುವುದನ್ನು ಕೇಳಿದ್ದೇನೆ: ಮೊದಲ ಸಭೆಯಿಂದ ಮನೆಗೆ ಮರಳಿದ ದಿನ ಧಾರಣೆ ಒಂದು ಕಾಸೂ ಏರಿರಲಿಲ್ಲ, ಆದರೂ ರಾತ್ರಿ ನಿದ್ರೆ ಬಂತಂತೆ.

ಈಗ ಸ್ವಲ್ಪ ಗಂಭೀರವಾದ ಮಾತು. ದಯವಿಟ್ಟು ಕಿವಿಗೊಟ್ಟು ಕೇಳಿ.

ಬೇಸರ ಬರುತ್ತದೆ, ಹೋಗುತ್ತದೆ. ಹೋಗದೆ ಉಳಿಯುವುದೂ ಉಂಟು. ಎರಡು ವಾರಕ್ಕೂ ಮಿಕ್ಕಿ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಇಷ್ಟವಾದುದರಲ್ಲಿಯೂ ರುಚಿಯಿಲ್ಲದಿದ್ದರೆ, ನಿದ್ರೆ ಹಸಿವು ಕೆಟ್ಟಿದ್ದರೆ, ‘ನಾನು ಯಾರಿಗೂ ಬೇಡದವನು’ ಎಂಬ ಮಾತು ಬರುತ್ತಿದ್ದರೆ, ಅದು ಸ್ವಭಾವವಲ್ಲ, ಸೋಮಾರಿತನವಲ್ಲ, ಕಾಯಿಲೆ. ಜ್ವರಕ್ಕೆ ಹೋದ ಹಾಗೆ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ಕೊಟ್ಟರೆ ಅದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ತಿಂದು ಗುಣವಿಲ್ಲವೆಂದು ಬಿಡಬಾರದು, ಗುಣವಾಯಿತೆಂದು ಕೂಡಲೇ ನಿಲ್ಲಿಸಲೂ ಬಾರದು. ದೈವಕ್ಕೆ ಹರಕೆ ಹೇಳಿಕೊಳ್ಳಿ, ತಂಬಿಲ ಕೊಡಿ, ನನ್ನ ಅಡ್ಡಿಯಿಲ್ಲ, ನಾನೂ ಕೊಡುವವನೇ. ಮಾತ್ರೆಯನ್ನೂ ತಿನ್ನಿ.

ಇದಕ್ಕೆ ದೂರದ ಊರಿಗೆ ಹೋಗಬೇಕಾದ ಕಾಲ ದಾಟಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು ಇಂತಹ ಕಾಯಿಲೆಗಳಿಗೆ ಔಷಧ ಕೊಡಿಸಿ ನೋಡಿದರು. ಅದು ಸಾಧ್ಯವೆಂದು ಕಂಡ ಮೇಲೆ 1996ರಲ್ಲಿ ಅದೇ ಮಾದರಿಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ನಮ್ಮ ಜಿಲ್ಲೆಯಲ್ಲಿಯೂ ಅದು ಉಂಟು. ಮನೋವೈದ್ಯರು ನಿಮ್ಮ ಹತ್ತಿರದ ಆಸ್ಪತ್ರೆಗೆ ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗಲು ನಾಚಿಕೆಯಾದರೆ, 14416 ಎಂಬ ನಂಬರಿಗೆ ಫೋನು ಮಾಡಬಹುದು. ಟೆಲಿ ಮಾನಸ್ ಎಂದು ಅದರ ಹೆಸರು, 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಹಗಲು ರಾತ್ರಿ ಯಾವ ಹೊತ್ತಿಗೂ ಸಿಗುತ್ತದೆ, ಕನ್ನಡದಲ್ಲಿ ಮಾತನಾಡಬಹುದು, ಖರ್ಚಿಲ್ಲ.

ಕೊನೆಯದಾಗಿ ಮನೆಯ ಯಜಮಾನರಲ್ಲಿ ಒಂದು ವಿನಂತಿ. ಕಳೆನಾಶಕ, ಕೀಟನಾಶಕಗಳ ಬಾಟಲಿಗಳನ್ನು ನಾವು ಹಟ್ಟಿಯ ಮೂಲೆಯಲ್ಲಿ, ಅಟ್ಟದ ಮೆಟ್ಟಿಲಿನ ಕೆಳಗೆ ಇಡುತ್ತೇವೆ. ಅವಕ್ಕೆ ಒಂದು ಪೆಟ್ಟಿಗೆ ಮಾಡಿ ಬೀಗ ಹಾಕಿ. ಬೀಗದ ಕೈ ಒಬ್ಬರಲ್ಲಿಯೇ ಇರಲಿ. ಬೇಕಾದಷ್ಟೇ ಕೊಳ್ಳಿ, ಉಳಿಸಿಡಬೇಡಿ. ಮನುಷ್ಯನಿಗೆ ಜೀವ ಬೇಡವೆನಿಸುವ ಗಳಿಗೆ ಬಹಳ ಸಲ ಬಹು ಸಣ್ಣದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಅದು ದಾಟಿಹೋಗುತ್ತದೆ, ದಾಟಿದವರಲ್ಲಿ ಹೆಚ್ಚಿನವರು ಆಮೇಲೆ ಬಾಳುತ್ತಾರೆ. ನಮ್ಮ ನೆರೆಯ ಸಿಂಹಳದಲ್ಲಿ ಅತ್ಯಂತ ವಿಷಕಾರಿಯಾದ ಮದ್ದುಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದರು. 1995ರ ಅನಂತರದ ಎರಡು ದಶಕಗಳಲ್ಲಿ ಅಲ್ಲಿಯ ಆತ್ಮಹತ್ಯೆಗಳು ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿದವು. ಬೆಳೆಯೇನೂ ಕಡಿಮೆಯಾಗಲಿಲ್ಲ. ಯಾರಾದರೂ ಸಾಯುವ ಮಾತಾಡಿದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ. ‘ನಿನಗೆ ಅಂತಹ ಯೋಚನೆ ಬರುತ್ತಾ ಇದೆಯಾ’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದದ್ದು ಹೊರಗೆ ಬರುತ್ತದೆ. ಆಮೇಲೆ ಅವರನ್ನು ಒಬ್ಬರೇ ಬಿಡಬೇಡಿ. ಪೊಲೀಸು ಕೇಸಾಗುತ್ತದೆ ಎಂದು ಹೆದರಿ ಮುಚ್ಚಿಡುವ ಕಾಲವೂ ಹೋಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆ ಅಂತಹವರಿಗೆ ಶಿಕ್ಷೆಯನ್ನಲ್ಲ, ಆರೈಕೆಯನ್ನು ಕೊಡಬೇಕೆನ್ನುತ್ತದೆ.

ನನ್ನ ಮಾತು ಉದ್ದವಾಯಿತು. ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ತೊಗಟೆಯ ಕಷಾಯವನ್ನು ನಾವೆಲ್ಲ ಮುಖ ಕಿವುಚಿಕೊಂಡು ಕುಡಿಯುತ್ತೇವೆ. ಕುಡಿದ ಕೂಡಲೇ ಅಮ್ಮ ಮೆಂತೆಯ ಗಂಜಿ ಕೊಡುತ್ತಾಳೆ. ಕಷಾಯ ನಾನು ಕೊಟ್ಟಾಯಿತು. ಗಂಜಿಯನ್ನು ಮಹಿಳಾ ಮಂಡಲದವರು ಒಳಗಿನ ಕೋಣೆಯಲ್ಲಿ ಸಿದ್ಧಮಾಡಿದ್ದಾರೆ, ಹಲಸಿನ ಹಪ್ಪಳವೂ ಉಂಟು. ಕೇಳಬೇಕಾದ್ದು ಏನಾದರೂ ಇದ್ದರೆ ಈಗಲೇ ಕೇಳಿ. ಎಲ್ಲರ ಎದುರಿಗೆ ಬೇಡವೆಂದಿದ್ದರೆ ಊಟದ ಮೇಲೆ ನಾನು ಆ ಕಿಟಕಿಯ ಬಳಿಯ ಬೆಂಚಿನಲ್ಲಿ ಕುಳಿತಿರುತ್ತೇನೆ.